ಕಟ್ಟದ ಸ್ಥಾವರದ ಕರೆಂಟು

ಅಕ್ಟೋಬರ್ ತಿಂಗಳೆಂದರೆ ಕರ್ನಾಟಕದ ವಿದ್ಯುತ್ ಎಂಜಿನಿಯರುಗಳಿಗೆ ಸ್ವಲ್ಪ ಉಸಿರಾಡುವ ಕಾಲ. ಲಿಂಗನಮಕ್ಕಿ ತುಂಬಿರುತ್ತದೆ, ಹೊಲ ಇನ್ನೂ ಹಸಿಯಾಗಿರುತ್ತದೆ, ಬೋರ್‌ವೆಲ್‌ಗಳ ಸ್ಟಾರ್ಟರ್ ಒತ್ತುವ ಗಡಿಬಿಡಿ ರೈತರಿಗಿರುವುದಿಲ್ಲ. 2023ರಲ್ಲಿ ಇದೆಲ್ಲ ತಿರುವುಮುರುವಾಯಿತು. ಮುಂಗಾರು ಕೈಕೊಟ್ಟು ಜಲಾಶಯಗಳು ಅರೆಹೊಟ್ಟೆಯಲ್ಲಿ ಉಳಿದವು. ಒಣಗುತ್ತಿದ್ದ ಬೆಳೆಗೆ ನೀರು ಹಾಯಿಸಲು ರಾಜ್ಯದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎದ್ದವು. ಬೇಸಿಗೆಯಲ್ಲಿ ಕಾಣಬೇಕಾದ ಬೇಡಿಕೆ ದಸರೆಯ ಹೊತ್ತಿಗೇ ಬಂದು ನಿಂತಿತು. ತ್ರೀ ಫೇಸ್ ಕರೆಂಟಿನ ಗಂಟೆಗಳು ಕುಗ್ಗಿದವು. ಊರೂರಲ್ಲಿ ರೈತರು ಸಬ್‌ಸ್ಟೇಷನ್ ಮುಂದೆ ಕೂತರು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ಕರೆಂಟು ಮಾರಬೇಕೆಂದು ಆದೇಶಿಸಿತು. ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ, ಮುಂದೆ ವಾಪಸು ಕೊಡುವ ಕರಾರಿನ ಮೇಲೆ, ಕಡ ತಂದದ್ದೂ ಆಯಿತು.

ಇಂಥ ಬಿಕ್ಕಟ್ಟು ಬಂದಾಗಲೆಲ್ಲ ವಿಧಾನಸೌಧದಲ್ಲಿ ಏಳುವ ಪ್ರಶ್ನೆ ಒಂದೇ: ಇನ್ನಷ್ಟು ಕರೆಂಟನ್ನು ಎಲ್ಲಿಂದ ತರುವುದು? ಕಲ್ಲಿದ್ದಲೋ, ಅಣುವೋ, ಬಿಸಿಲೋ, ಮತ್ತೊಂದು ಕಣಿವೆಗೆ ಮತ್ತೊಂದು ಅಣೆಕಟ್ಟೋ ಎಂಬ ಚರ್ಚೆ ನಡೆಯುತ್ತದೆ. ಅದೇ ನೀರನ್ನು ಮೇಲೆತ್ತಲು, ಅದೇ ಕೋಣೆಗೆ ಗಾಳಿ ಕೊಡಲು ಅಷ್ಟೊಂದು ಕರೆಂಟು ನಿಜಕ್ಕೂ ಬೇಕೇ ಎಂದು ಕೇಳುವವರು ಕಡಿಮೆ. ಕೇಳಿದರೂ ಅದು ‘ವಿದ್ಯುತ್ ಉಳಿಸಿ’ ಎಂಬ ಗೋಡೆಬರಹಕ್ಕೆ ಇಳಿದುಬಿಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಬುದ್ಧಿವಾದಕ್ಕೂ ದಕ್ಷತೆಗೂ ಸಂಬಂಧವಿಲ್ಲ. ಕಾಲನ್ನು ಯಾರೂ ಮಡಚಬೇಕಿಲ್ಲ. ಬೆಳಕು ಅಷ್ಟೇ ಇರಬೇಕು, ನೀರು ಅಷ್ಟೇ ಬೀಳಬೇಕು, ಮೀಟರ್ ಮಾತ್ರ ನಿಧಾನವಾಗಿ ಓಡಬೇಕು. ಹೀಗೆ ಮಿಕ್ಕ ಯೂನಿಟ್ಟುಗಳನ್ನು ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಯೂನಿಟ್ಟುಗಳ ಹಾಗೆಯೇ ಎಣಿಸಿ, ಬೆಲೆ ಕಟ್ಟಿ, ಯೋಜನೆಯೊಳಗೆ ಬರೆದುಕೊಳ್ಳಬಹುದು. ವಿಚಿತ್ರವೆಂದರೆ, ಈ ಲೆಕ್ಕವನ್ನು ಇಡೀ ರಾಜ್ಯವೊಂದಕ್ಕೆ ಮೂರೂವರೆ ದಶಕದ ಹಿಂದೆಯೇ ಬಿಡಿಸಿ ತೋರಿಸಿದ್ದು ಬೆಂಗಳೂರಿನಲ್ಲಿ.

*

ಕರ್ನಾಟಕಕ್ಕೆ ಕರೆಂಟು ಬಂದದ್ದು ನೀರಿನಿಂದ. 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿ ಸುಮಾರು 147 ಕಿಲೊಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆಮೇಲೆ ಜೋಗ, 1960ರ ದಶಕದಲ್ಲಿ ಶರಾವತಿ. ಆ ದಿನಗಳಲ್ಲಿ ಕರೆಂಟು ಹೆಚ್ಚಿತ್ತು, ಗಿರಾಕಿಗಳು ಕಡಿಮೆಯಿದ್ದರು. ಕಾರ್ಖಾನೆಗಳನ್ನು ಅಗ್ಗದ ವಿದ್ಯುತ್ತಿನ ಆಸೆ ತೋರಿಸಿ ಕರೆಯಲಾಯಿತು. ಎಪ್ಪತ್ತರ ದಶಕದ ಹೊತ್ತಿಗೆ ಚಿತ್ರ ಬದಲಾಯಿತು. ಮಳೆ ತಪ್ಪಿದ ವರ್ಷ ಕಾರ್ಖಾನೆಗಳಿಗೆ ವಿದ್ಯುತ್ ಕಡಿತ ಮಾಮೂಲಾಯಿತು. ಬೇಡ್ತಿ ನದಿಗೆ ಅಣೆಕಟ್ಟು ಹಾಕಲು ಹೊರಟಾಗ ಉತ್ತರ ಕನ್ನಡದ ಅಡಿಕೆ ಬೆಳೆಗಾರರು ಎದುರು ನಿಂತರು. ಶಿರಸಿಯಲ್ಲಿ ವಿಜ್ಞಾನಿಗಳನ್ನು ಕರೆಸಿ ಲಾಭನಷ್ಟದ ಲೆಕ್ಕ ಹಾಕಿಸಿ ವಾದಿಸಿದರು, ಯೋಜನೆ ನಿಂತಿತು. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಚಾಲೂ ಆದದ್ದು 1985ರಲ್ಲಿ. ಕೈಗಾ ಅಣುಸ್ಥಾವರ ಆಗಿನ್ನೂ ವಿವಾದವಾಗಿತ್ತು.

ಈ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರ ಒಂದು ಸಮಿತಿ ಮಾಡಿತು. 1987ರಿಂದ 2000ದವರೆಗೆ ರಾಜ್ಯಕ್ಕೆ ಬೇಕಾಗುವ ವಿದ್ಯುತ್ತಿಗೆ ದೀರ್ಘಾವಧಿ ಯೋಜನೆ ರೂಪಿಸುವುದು ಅದರ ಕೆಲಸ. ಸಮಿತಿ ಮಾಡಿದ್ದು ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದುದನ್ನೇ: ಹಿಂದಿನ ವರ್ಷಗಳ ಬೆಳವಣಿಗೆಯ ಗೆರೆಗೆ ಸ್ಕೇಲು ಹಿಡಿದು ಮುಂದಕ್ಕೆ ಎಳೆಯಿತು. ಗೆರೆ ಹೋಗಿ ಮುಟ್ಟಿದ್ದು 2000ದಲ್ಲಿ ಸುಮಾರು 9,400 ಮೆಗಾವಾಟ್ ಸಾಮರ್ಥ್ಯಕ್ಕೆ, ಸುಮಾರು 4,750 ಕೋಟಿ ಯೂನಿಟ್ ವಿದ್ಯುತ್ತಿಗೆ. ಅದಕ್ಕೆ ಬೇಕಾದ ಹಣ ರಾಜ್ಯದ ಶಕ್ತಿ ಮೀರಿದ್ದು. ಅಷ್ಟು ಖರ್ಚು ಮಾಡಿಯೂ 2000ದಲ್ಲಿ ಕೊರತೆ ಇದ್ದೇ ಇರುತ್ತದೆ ಎಂದು ಅದೇ ವರದಿ ಹೇಳಿತು!

ಈ ವರದಿಯನ್ನು ಎದುರಿಗಿಟ್ಟುಕೊಂಡು ಕೂತವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೆಡ್ಡಿ ಮೂಲತಃ ವಿದ್ಯುತ್‌ರಸಾಯನ ಶಾಸ್ತ್ರಜ್ಞ, ಆ ವಿಷಯದ ಪ್ರಸಿದ್ಧ ಪಠ್ಯಪುಸ್ತಕದ ಸಹಲೇಖಕ. 1974ರಲ್ಲಿ ಅವರು ಗ್ರಾಮೀಣ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಹೊಗೆ ಕಡಿಮೆ, ಸೌದೆ ಕಡಿಮೆ ಬೇಡುವ ಅಸ್ತ್ರ ಒಲೆಯನ್ನು ಕರ್ನಾಟಕದ ಹಳ್ಳಿಗಳಲ್ಲಿ ನಡುವಯಸ್ಸು ದಾಟಿದ ಹೆಣ್ಣುಮಕ್ಕಳು ಇನ್ನೂ ನೆನೆಯುತ್ತಾರೆ. ಅದು ಬಂದದ್ದು ಅದೇ ಕೇಂದ್ರದಿಂದ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಊರಿನಲ್ಲಿ ಸಗಣಿ ಅನಿಲದಿಂದ ಎಂಜಿನ್ ಓಡಿಸಿ, ಮನೆಗಳಿಗೆ ದೀಪ ಮತ್ತು ನಲ್ಲಿನೀರು ಕೊಟ್ಟ ಪ್ರಯೋಗವೂ ಅಲ್ಲಿಯದೇ. ಸೌದೆಯ ಒಲೆಯಲ್ಲಿ ಉರಿಯ ಬಹುಪಾಲು ಪಾತ್ರೆಗೆ ತಗಲದೆ ಆರಿಹೋಗುವುದನ್ನು ಅಳೆದು ನೋಡಿದ್ದ ಮನುಷ್ಯನಿಗೆ ಪಂಪ್‌ಸೆಟ್ಟಿನಲ್ಲಿ, ಬುರುಡೆ ಬಲ್ಬಿನಲ್ಲಿ ಅದೇ ಕಥೆ ಕಂಡದ್ದು ಆಶ್ಚರ್ಯವಲ್ಲ.

ರೆಡ್ಡಿ ಮತ್ತು ಸಂಗಡಿಗರು ಗೆರೆ ಎಳೆಯುವುದನ್ನು ಬಿಟ್ಟು, ಕರೆಂಟು ಕಡೆಗೆ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ನೋಡುತ್ತ ಹೋದರು. ಎಷ್ಟು ಮನೆ, ಒಂದೊಂದು ಮನೆಗೆ ಎಷ್ಟು ದೀಪ? ಎಷ್ಟು ಬಾವಿ, ಎಷ್ಟು ಆಳ? ಸ್ನಾನದ ನೀರಿಗೆ ಎಷ್ಟು? ಯಾವ ಕಾರ್ಖಾನೆ ಎಷ್ಟು ಜನಕ್ಕೆ ಕೆಲಸ ಕೊಟ್ಟು ಎಷ್ಟು ಕರೆಂಟು ನುಂಗುತ್ತದೆ? ಅವರ ಲೆಕ್ಕದಲ್ಲಿ ರಾಜ್ಯದ ಎಲ್ಲ ಮನೆಗಳಿಗೂ ವಿದ್ಯುತ್ ಸಿಗಬೇಕಿತ್ತು, ಕತ್ತಲಲ್ಲಿದ್ದ ಬಡವರ ಮನೆಗೂ ಸೇರಿ. ಬಲ್ಬಿನ ಜಾಗಕ್ಕೆ ಸಿಎಫ್‌ಎಲ್, ಗೀಸರಿನ ಜಾಗಕ್ಕೆ ಸೋಲಾರ್ ಹೀಟರ್, ವಿದ್ಯುತ್ ಒಲೆಯ ಜಾಗಕ್ಕೆ ಅಡುಗೆ ಅನಿಲ ಬರಬೇಕಿತ್ತು. ಪಂಪ್‌ಸೆಟ್ಟಿನ ಬಿಗಿ ಫುಟ್‌ವಾಲ್ವ್ ಮತ್ತು ಒರಟು ಕಬ್ಬಿಣದ ಪೈಪಿನ ಬದಲು ಸಲೀಸಾಗಿ ತೆರೆಯುವ ವಾಲ್ವ್, ನುಣುಪು ಪ್ಲಾಸ್ಟಿಕ್ ಪೈಪು ಹಾಕಬೇಕಿತ್ತು. ಒಂದೊಂದು ಯೂನಿಟ್ ಉಳಿಸಲು ತಗಲುವ ಖರ್ಚನ್ನೂ ಒಂದೊಂದು ಯೂನಿಟ್ ಉತ್ಪಾದಿಸುವ ಖರ್ಚನ್ನೂ ಒಂದೇ ಪಟ್ಟಿಯಲ್ಲಿಟ್ಟು, ಅಗ್ಗದ್ದರಿಂದ ಶುರುಮಾಡಿ ಮೇಲೇರುತ್ತ ಹೋದರು. ಮೊದಲ ಸಾಲುಗಳಲ್ಲಿ ಬಂದು ಕೂತದ್ದೆಲ್ಲ ಉಳಿತಾಯವೇ. ನಂತರ ಸಣ್ಣ ವಿಕೇಂದ್ರೀಕೃತ ಸ್ಥಾವರಗಳು, ದೊಡ್ಡವು ಕಟ್ಟಕಡೆಗೆ.

‘ಡಿಫೆಂಡಸ್’ ಎಂದು ಕರೆದ ಈ ಯೋಜನೆಯ ಮೊತ್ತ 2000ಕ್ಕೆ ಸುಮಾರು 4,000 ಮೆಗಾವಾಟ್, 1,790 ಕೋಟಿ ಯೂನಿಟ್. ಸರ್ಕಾರಿ ಸಮಿತಿ ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ಖರ್ಚು ಮೂರನೇ ಒಂದರಷ್ಟು. 1991ರ ಏಪ್ರಿಲಿನಲ್ಲಿ ಇದು ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟವಾಯಿತು, ಜಗತ್ತಿನ ಇಂಧನ ತಜ್ಞರ ನಡುವೆ ಕರ್ನಾಟಕ ಒಂದು ಉದಾಹರಣೆಯಾಗಿ ಓಡಾಡಿತು. ರೆಡ್ಡಿಯವರಿಗೆ ಇನ್ನೂ ಮೂವರ ಜೊತೆಗೆ 2000ದಲ್ಲಿ ವೋಲ್ವೊ ಪರಿಸರ ಪ್ರಶಸ್ತಿ ಬಂತು. 2006ರಲ್ಲಿ ಅವರು ತೀರಿಕೊಂಡರು.

ರಾಜ್ಯದ ವಿದ್ಯುತ್ ಮಂಡಳಿಯಾದ ಕೆಇಬಿ ಮಾತ್ರ ಈ ಪಟ್ಟಿಯನ್ನು ತನ್ನದಾಗಿ ಮಾಡಿಕೊಳ್ಳಲಿಲ್ಲ. ಹಾಗೆಂದು ಸಮಿತಿಯ 9,400 ಮೆಗಾವಾಟೂ ಬರಲಿಲ್ಲ. ರಾಜ್ಯದ ಗರಿಷ್ಠ ಬೇಡಿಕೆ 9 ಸಾವಿರ ಮೆಗಾವಾಟ್ ದಾಟಲು 2000 ಕಳೆದು ಮತ್ತೂ ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಎಣಿಸಿದಷ್ಟು ಸ್ಥಾವರಗಳೂ ಬರಲಿಲ್ಲ, ಉಳಿತಾಯವೂ ಆಗಲಿಲ್ಲ, ನಡುವೆ ಲೋಡ್ ಶೆಡ್ಡಿಂಗ್ ಎಂಬುದೊಂದು ಜೀವನಕ್ರಮವಾಯಿತು. ಯಾವ ಯೋಜನೆ ಸರಿಯಿತ್ತು ಎಂಬ ವಾದವನ್ನು ತಜ್ಞರು ಮುಂದುವರಿಸಲಿ. ಯೋಜನೆಯೇ ಇಲ್ಲದ ಮೂರನೆಯ ದಾರಿಯಲ್ಲಿ ರಾಜ್ಯ ನಡೆದದ್ದಂತೂ ನಿಜ.

*

ಇದೇ ಪ್ರಶ್ನೆ ಇನ್ನೊಂದು ನೀರಿನ ನಾಡಿಗೂ ಬಂದಿತ್ತು. ಅಮೆರಿಕದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್, ಒರೆಗಾನ್, ಐಡಹೊ, ಮೊಂಟಾನಾ ರಾಜ್ಯಗಳಿವೆ. ಕೊಲಂಬಿಯಾ ನದಿಗೆ ಕಟ್ಟಿದ ಗ್ರ್ಯಾಂಡ್ ಕೂಲಿಯಂಥ ಅಣೆಕಟ್ಟುಗಳ ಅಗ್ಗದ ಕರೆಂಟಿನಲ್ಲಿ ಅಲ್ಲಿ ಅಲ್ಯೂಮಿನಿಯಂ ಕಾರ್ಖಾನೆಗಳು ಬೆಳೆದವು, ಮನೆಗಳು ಚಳಿಗೆ ವಿದ್ಯುತ್ ಹೀಟರ್ ಹಚ್ಚಿಕೊಂಡವು. ಎಪ್ಪತ್ತರ ದಶಕದಲ್ಲಿ ಅಲ್ಲಿನವರೂ ಸ್ಕೇಲು ಹಿಡಿದರು. ಬೇಡಿಕೆ ವರ್ಷಕ್ಕೆ ಶೇ 7ರಂತೆ ಏರುತ್ತದೆ, ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ ಎಂದು ನಂಬಿ, ಸಾರ್ವಜನಿಕ ವಿದ್ಯುತ್ ಸಂಸ್ಥೆಗಳ ಒಕ್ಕೂಟವೊಂದು ಒಂದೇ ಉಸಿರಿಗೆ ಐದು ಅಣುಸ್ಥಾವರ ಕಟ್ಟಲು ಹೊರಟಿತು. ಅಂದಾಜು ವೆಚ್ಚ ಸುಮಾರು 400 ಕೋಟಿ ಡಾಲರಿನಿಂದ 2,400 ಕೋಟಿ ಡಾಲರಿಗೆ ಹಾರಿತು. ನಿರೀಕ್ಷಿಸಿದ ಬೇಡಿಕೆ ಬರಲೇ ಇಲ್ಲ. ಎರಡು ಸ್ಥಾವರಗಳನ್ನು 1982ರಲ್ಲಿ ಕೈಬಿಟ್ಟು, ಮರುವರ್ಷ ಅವುಗಳ 225 ಕೋಟಿ ಡಾಲರ್ ಬಾಂಡುಗಳ ಸಾಲಕ್ಕೆ ಒಕ್ಕೂಟ ಕೈಯೆತ್ತಿತು. ಅಮೆರಿಕದ ಪೌರಸಂಸ್ಥೆಗಳ ಚರಿತ್ರೆಯಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡ ದಿವಾಳಿ ಆಗಿರಲಿಲ್ಲ. ಐದರಲ್ಲಿ ಕರೆಂಟು ಕೊಟ್ಟದ್ದು ಒಂದೇ.

ಸಿಯಾಟಲ್ ನಗರ ಮಾತ್ರ ಆ ಎರಡು ಸ್ಥಾವರಗಳ ಗೋಜಿಗೆ ಹೋಗಲಿಲ್ಲ. 1976ರಲ್ಲೇ ಅದು ತನ್ನ ಬೇಡಿಕೆಯ ಅಧ್ಯಯನ ಮಾಡಿಸಿ, ಪಾಲು ಕೊಳ್ಳುವುದಕ್ಕಿಂತ ಉಳಿಸುವುದು ಅಗ್ಗ ಎಂದು ತೀರ್ಮಾನಿಸಿತ್ತು.

1980ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಆ ನಾಲ್ಕು ರಾಜ್ಯಗಳಿಗೆಂದೇ ಒಂದು ಕಾಯ್ದೆ ಮಾಡಿತು. ಅದರಲ್ಲಿ ಉಳಿತಾಯವನ್ನೂ ವಿದ್ಯುತ್ತಿನ ಮೂಲಗಳ ಸಾಲಿಗೆ ಸೇರಿಸಲಾಯಿತು. ಅಷ್ಟೇ ಅಲ್ಲ, ಹೊಸ ಬೇಡಿಕೆ ಬಂದಾಗ ಮೊದಲು ಉಳಿತಾಯ, ಆಮೇಲೆ ನವೀಕರಿಸಬಹುದಾದ ಮೂಲ, ಉಳಿದದ್ದು ನಂತರ ಎಂದು ಸರದಿ ಗೊತ್ತುಮಾಡಿತು. ಉಳಿತಾಯ ಬೇರೆಯದಕ್ಕಿಂತ ಶೇ 10ರಷ್ಟು ತುಟ್ಟಿಯಾದರೂ ಅದಕ್ಕೇ ಆದ್ಯತೆ ಎಂದಿತು. ಯೋಜನೆ ಮಾಡಲು ರಾಜ್ಯಕ್ಕೆ ಇಬ್ಬರಂತೆ ಎಂಟು ಜನರ ಮಂಡಳಿ ಕೂತಿತು, ಅದು ಕೆಲವು ವರ್ಷಗಳಿಗೊಮ್ಮೆ ಇಪ್ಪತ್ತು ವರ್ಷದ ಯೋಜನೆಯನ್ನು ಹೊಸದಾಗಿ ಬರೆಯುತ್ತದೆ. ವಿದ್ಯುತ್ ಕಂಪನಿಗಳು ಆ ಯೋಜನೆಯ ಪ್ರಕಾರ ಉಳಿತಾಯವನ್ನು ದುಡ್ಡು ಕೊಟ್ಟು ಕೊಳ್ಳುತ್ತವೆ: ಮನೆಗಳ ಅಟ್ಟಕ್ಕೆ ಉಷ್ಣರೋಧಕ ತುಂಬಿಸುವುದು, ಕಿಟಕಿಗೆ ಎರಡು ಪದರದ ಗಾಜು, ಕಾರ್ಖಾನೆಗೆ ಹೊಸ ಮೋಟರು, ಹೊಸ ಕಟ್ಟಡಗಳಿಗೆ ಬಿಗಿಯಾದ ನಿಯಮ.

ಎಲ್ಲವೂ ಹೂವೆತ್ತಿದಂತೆ ಆಗಲಿಲ್ಲ. ಒರೆಗಾನಿನ ಹುಡ್ ರಿವರ್ ಪ್ರದೇಶದಲ್ಲಿ 1983ರಿಂದ ಮೂರು ವರ್ಷ, ಸುಮಾರು ಮೂರು ಸಾವಿರ ಮನೆಗಳಿಗೆ ಪೂರ್ತಿ ಉಚಿತವಾಗಿ ಈ ದುರಸ್ತಿ ಮಾಡಿಸಿ ನೋಡಿದರು. ಜನ ಬರುತ್ತಾರೋ ಇಲ್ಲವೋ ಎಂಬ ಅನುಮಾನವಿತ್ತು. ಹೆಚ್ಚುಕಡಿಮೆ ಊರಿಗೆ ಊರೇ ಬಂತು. ಆದರೆ ಉಳಿತಾಯ ಕಾಗದದಲ್ಲಿ ಎಣಿಸಿದ್ದಕ್ಕಿಂತ ಕಡಿಮೆಯಾಯಿತು. ಅದುವರೆಗೆ ಖರ್ಚಿಗೆ ಹೆದರಿ ಸೌದೆ ಉರಿಸುತ್ತಿದ್ದವರು, ಮನೆ ಭದ್ರವಾದ ಮೇಲೆ ವಿದ್ಯುತ್ ಹೀಟರನ್ನು ಧಾರಾಳವಾಗಿ ಹಚ್ಚಿದ್ದು ಒಂದು ಕಾರಣ. ಮಂಡಳಿ ಈ ಪಾಠವನ್ನು ಬಚ್ಚಿಡದೆ ಮುಂದಿನ ಅಂದಾಜುಗಳನ್ನು ತಿದ್ದಿಕೊಂಡಿತು. ಕಾಯ್ದೆ ಬಂದು ನಾಲ್ಕು ದಶಕವಾಗುವ ಹೊತ್ತಿಗೆ ಆ ಪ್ರದೇಶ ಹೀಗೆ ಉಳಿಸಿದ್ದು ವರ್ಷವಿಡೀ ಸರಾಸರಿ 7,000 ಮೆಗಾವಾಟಿಗೂ ಹೆಚ್ಚು. ಸಿಯಾಟಲ್‌ನಂಥ ಆರು ನಗರಗಳಿಗೆ ಸಾಕಾಗುವಷ್ಟು. ಜಲವಿದ್ಯುತ್ತನ್ನು ಬಿಟ್ಟರೆ ಅಲ್ಲಿನ ಅತಿ ದೊಡ್ಡ ಮೂಲ ಅದೇ.

ರೆಡ್ಡಿಯವರ ಪಟ್ಟಿ ಆ ಮಂಡಳಿಯ ಪಟ್ಟಿಗಿಂತ ಕಳಪೆಯಿತ್ತೆಂದಲ್ಲ. ಅಲ್ಲಿ ಉಳಿತಾಯವನ್ನು ಕೊಳ್ಳಲು ಒಂದು ಕಾನೂನು, ಒಂದು ಗಲ್ಲಾಪೆಟ್ಟಿಗೆ, ಅಳೆಯುವ ಒಂದು ಕಚೇರಿ ಇದ್ದವು. ಇಲ್ಲಿ ಇದ್ದದ್ದು ಒಂದು ಒಳ್ಳೆಯ ಪ್ರಬಂಧ.

*

ಗಲ್ಲಾಪೆಟ್ಟಿಗೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಎಲ್‌ಇಡಿ ಬಲ್ಬು ಸಾಕ್ಷಿ. 2014ರ ಆರಂಭದಲ್ಲಿ ಕೇಂದ್ರ ಸರ್ಕಾರಿ ಸ್ವಾಮ್ಯದ ಇಇಎಸ್‌ಎಲ್ ಸಂಸ್ಥೆ ಒಂದು ಬಲ್ಬಿಗೆ 310 ರೂಪಾಯಿಯಂತೆ ಖರೀದಿಸಿತ್ತು. ಕೋಟಿಗಟ್ಟಲೆ ಬಲ್ಬಿಗೆ ಒಟ್ಟಾಗಿ ಟೆಂಡರ್ ಕರೆಯುತ್ತ ಹೋದಂತೆ ಮೂರ್ನಾಲ್ಕು ವರ್ಷದಲ್ಲಿ ಆ ಬೆಲೆ 38 ರೂಪಾಯಿಗೆ ಇಳಿಯಿತು. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹೀಗೆ ಹಂಚಿಕೆಯಾದವು. ಕರ್ನಾಟಕದಲ್ಲಿ 2015ರ ಕೊನೆಗೆ ಈ ಯೋಜನೆ ‘ಹೊಸ ಬೆಳಕು’ ಎಂಬ ಹೆಸರಲ್ಲಿ ಬಂತು, ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳ ಕಚೇರಿ ಕೌಂಟರಿನಲ್ಲೇ ಮಾರಾಟವಾಯಿತು. ಅದಕ್ಕೂ ಹತ್ತು ವರ್ಷ ಮೊದಲು ಬೆಸ್ಕಾಂ, ಸಿಎಫ್‌ಎಲ್ ಬಲ್ಬಿನ ಹಣವನ್ನು ತಿಂಗಳ ಬಿಲ್ಲಿನಲ್ಲಿ ಕಂತಾಗಿ ಕಟ್ಟಿಸಿಕೊಳ್ಳುವ ಪ್ರಯೋಗ ಮಾಡಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

60 ವಾಟಿನ ಹಳದಿ ಬಲ್ಬಿನ ಜಾಗಕ್ಕೆ 9 ವಾಟಿನದು ಬಂದರೆ ಉಳಿಯುವುದು 51 ವಾಟ್. ಸಂಜೆ ಏಳಕ್ಕೆ ಇಂಥ ಒಂದು ಕೋಟಿ ಬಲ್ಬು ಹೊತ್ತಿದರೆ 510 ಮೆಗಾವಾಟ್ ಬೇಡಿಕೆ ಕಡಿಮೆ. ರಾಯಚೂರಿನ 210 ಮೆಗಾವಾಟಿನ ಎರಡು ಘಟಕ ಸೇರಿದರೂ ಅಷ್ಟಾಗುವುದಿಲ್ಲ. ಜೊತೆಗೆ, ಸ್ಥಾವರದಿಂದ ನೂರು ಯೂನಿಟ್ ಹೊರಟರೆ ತಂತಿ, ಟ್ರಾನ್ಸ್‌ಫಾರ್ಮರು (ಟಿಸಿ)ಗಳಲ್ಲಿ ಸೋರಿ ಮನೆ ಮುಟ್ಟುವುದು ತೊಂಬತ್ತಕ್ಕಿಂತ ಕಡಿಮೆ. ಮನೆಯಲ್ಲೇ ಉಳಿದ ಯೂನಿಟ್ಟಿಗೆ ಆ ಸೋರಿಕೆ ಇಲ್ಲ.

ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ಹೀಟರುಗಳ ಕಥೆಯೂ ಇದೇ ಬಗೆಯದು. ವಿಮಾನದಿಂದ ನೋಡಿದರೆ ನಗರದ ತುಂಬ ಕಪ್ಪು ಗಾಜಿನ ಹಲಗೆಗಳು. ತಂಪು ಹವೆ, ಒಳ್ಳೆಯ ಬಿಸಿಲು ಎರಡೂ ಇರುವ ಊರಿಗೆ ಇದು ಹೇಳಿ ಮಾಡಿಸಿದ್ದು ನಿಜ. ಆದರೆ ಬರೀ ಹವೆಯಿಂದ ಇಷ್ಟಾಗಲಿಲ್ಲ. ಸೋಲಾರ್ ಹಾಕಿಸಿದ ಮನೆಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ಬಿಲ್ಲಿನಲ್ಲಿ ರಿಯಾಯಿತಿ ಇತ್ತು. 2007ರಲ್ಲಿ ಇಂತಿಷ್ಟು ಅಳತೆ ಮೀರಿದ ಹೊಸ ಮನೆಗಳಿಗೆ ಹೀಟರ್ ಕಡ್ಡಾಯವಾಯಿತು, ಅದಿಲ್ಲದೆ ಮೀಟರ್ ಕೊಡುವಂತಿರಲಿಲ್ಲ. ಐವತ್ತು ರೂಪಾಯಿ ಏನು ಮಹಾ ಎನ್ನಬಹುದು. ಆದರೆ ಎರಡು ಕಿಲೊವಾಟಿನ ಒಂದು ಲಕ್ಷ ಗೀಸರು ಬೆಳಗ್ಗೆ ಏಳಕ್ಕೆ ಒಟ್ಟಿಗೆ ಚಾಲೂ ಆದರೆ 200 ಮೆಗಾವಾಟ್ ಬೇಕು. ಅಷ್ಟಕ್ಕೆ ಒಂದು ಘಟಕವನ್ನು ದಿನಕ್ಕೆರಡು ಗಂಟೆಯ ಕೆಲಸಕ್ಕಾಗಿ ಸಾಕುವುದು ಯಾವ ಕಂಪನಿಗೂ ಗಿಟ್ಟುವುದಿಲ್ಲ.

*

ದೀಪ, ಬಿಸಿನೀರು ಸುಲಭದ ಅಧ್ಯಾಯಗಳು. ಕಷ್ಟದ್ದು ಹೊಲದಲ್ಲಿದೆ.

ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. ರಾಜ್ಯದ ಒಟ್ಟು ವಿದ್ಯುತ್ ಬಳಕೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅವುಗಳದ್ದು. 10 ಎಚ್‌ಪಿವರೆಗಿನವಕ್ಕೆ 2008ರಿಂದ ಕರೆಂಟು ಉಚಿತ. ಆ ಹಣವನ್ನು ಸರ್ಕಾರ ಎಸ್ಕಾಂಗಳಿಗೆ ತುಂಬಿಕೊಡುತ್ತದೆ, ಈಗ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಮೇಲೆ.

ಒಂದು ಯೂನಿಟ್ ಕರೆಂಟು ಏನೂ ನಷ್ಟವಿಲ್ಲದೆ ಸಾವಿರ ಅಡಿ ಆಳದಿಂದ ಎತ್ತಬಲ್ಲ ನೀರು ಸುಮಾರು 1,200 ಲೀಟರ್. ಇದು ಭೌತಶಾಸ್ತ್ರದ ಗಡಿ, ಯಾವ ಕಂಪನಿಯ ಪಂಪೂ ದಾಟಲಾರದು. ಪಂಪಿನ ದಕ್ಷತೆ ಶೇ 30 ಎಂದಾದರೆ ನಿಜವಾಗಿ ಮೇಲೆ ಬರುವುದು 360 ಲೀಟರ್. ಶೇ 50 ಆದರೆ 600. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ಈಗ ಆಶ್ಚರ್ಯದ ಆಳವಲ್ಲ. ಹೊಲದಲ್ಲಿ ಓಡುತ್ತಿರುವ ಹಳೆಯ ಪಂಪುಗಳಲ್ಲಿ ಶೇ 30 ಮುಟ್ಟುವುದೂ ಎಷ್ಟೋ ಕಡೆ ಕಷ್ಟ.

ಕಾರಣ ಪಂಪಿನೊಳಗೆ ಮಾತ್ರ ಇಲ್ಲ. ಟಿಸಿ ಮೇಲೆ ಲೋಡು ಹೆಚ್ಚಿ ವೋಲ್ಟೇಜ್ ಬೀಳುತ್ತದೆ, ಮೋಟರು ಹೆಚ್ಚು ಕರೆಂಟು ಎಳೆದು ಬಿಸಿಯಾಗಿ ಸುಡುತ್ತದೆ. ರೈತ ಅದನ್ನು ಪೇಟೆಯ ರಿವೈಂಡಿಂಗ್ ಅಂಗಡಿಗೆ ಹೊತ್ತೊಯ್ಯುತ್ತಾನೆ. ಬೆಳೆ ಒಣಗುತ್ತಿರುವಾಗ ಅವನಿಗೆ ಬೇಕಿರುವುದು ನಾಳೆ ಬೆಳಗ್ಗೆ ತಿರುಗುವ ಮೋಟರು. ಒಂದೊಂದು ರಿವೈಂಡಿಂಗಿಗೂ ದಕ್ಷತೆ ಒಂದಿಷ್ಟು ಕಳೆದುಹೋಗುತ್ತದೆ. ಮತ್ತೆ ಸುಡಬಾರದೆಂದು ಮುಂದಿನ ಸಲ 5 ಎಚ್‌ಪಿ ಬೇಕಾದಲ್ಲಿ ಏಳೂವರೆಯದನ್ನು ಇಳಿಸುತ್ತಾನೆ. ಕರೆಂಟು ಬಂದ ಕೂಡಲೇ ತಾನಾಗಿ ಶುರುವಾಗುವ ಆಟೊ ಸ್ಟಾರ್ಟರ್ ಎಲ್ಲರ ಹೊಲದಲ್ಲೂ ಇದೆ, ಹಾಗಾಗಿ ಲೈನು ಬಂದ ಗಳಿಗೆಯಲ್ಲಿ ಎಲ್ಲ ಪಂಪೂ ಒಟ್ಟಿಗೆ ಎದ್ದು ವೋಲ್ಟೇಜ್ ಮತ್ತೆ ಬೀಳುತ್ತದೆ. ಇದರಲ್ಲಿ ರೈತನದ್ದು ಮೂರ್ಖತನವೆಂದು ನಗರದವರು ಹೇಳುವುದುಂಟು. ಅವನ ಜಾಗದಲ್ಲಿ ನಿಂತು ನೋಡಿದರೆ ಪ್ರತಿ ಹೆಜ್ಜೆಯೂ ಲೆಕ್ಕಾಚಾರದ್ದೇ.

ಬದಲಾಯಿಸಿ ನೋಡಿದ ಉದಾಹರಣೆಗಳು ರಾಜ್ಯದಲ್ಲೇ ಇವೆ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಅಮೆರಿಕದ ಯುಎಸ್‌ಏಡ್ ನೆರವಿನೊಂದಿಗೆ ಕೆಲವು ನೂರು ಹಳೆಯ ಪಂಪುಗಳನ್ನು ತೆಗೆದು ದಕ್ಷ ಪಂಪು ಕೂಡಿಸಲಾಯಿತು. ಹೆಸ್ಕಾಂ ವ್ಯಾಪ್ತಿಯ ನಿಪ್ಪಾಣಿ, ಬ್ಯಾಡಗಿ ಭಾಗದಲ್ಲಿ ಇಇಎಸ್‌ಎಲ್ ಸುಮಾರು ಆರುನೂರು ಪಂಪುಗಳನ್ನು ಬದಲಿಸಿತು. ಮೂರನೇ ಒಂದು ಭಾಗದ ಆಸುಪಾಸು ಕರೆಂಟು ಉಳಿಯಿತು. ರೈತ ಒಂದು ಪೈಸೆ ಕೊಡಬೇಕಿರಲಿಲ್ಲ. ಪಂಪಿನ ಹಣ ಉಳಿತಾಯದಿಂದಲೇ ಹುಟ್ಟಬೇಕು ಎಂಬುದು ಅದರ ಸೂತ್ರ. ಸೂತ್ರ ಸರಿಯಾಗಿಯೇ ಇದೆ. ಆದರೂ ಆರುನೂರು ಆರು ಲಕ್ಷವಾಗಲಿಲ್ಲ.

ಏಕೆಂದರೆ ಈ ಉಳಿತಾಯ ಯಾರ ಜೇಬಿಗೂ ನೇರವಾಗಿ ಬೀಳುವುದಿಲ್ಲ. ರೈತನಿಗೆ ಬಿಲ್ಲಿಲ್ಲ, ಹಾಗಾಗಿ ದುಬಾರಿ ಪಂಪು ಕೊಳ್ಳಲು ಕಾರಣವಿಲ್ಲ. ಬಹುಪಾಲು ಪಂಪುಗಳಿಗೆ ಮೀಟರಿಲ್ಲ, ಆದ್ದರಿಂದ ಎಷ್ಟು ಉಳಿಯಿತು ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಎಸ್ಕಾಂಗೆ ಸಹಾಯಧನ ಬರುವುದು ಅಂದಾಜು ಬಳಕೆಯ ಮೇಲೆ. ತಂತಿಯಲ್ಲಿ ಸೋರಿದ್ದನ್ನೂ ಕದ್ದು ಹೋದದ್ದನ್ನೂ ಪಂಪ್‌ಸೆಟ್ಟಿನ ಅಂದಾಜಿನೊಳಗೆ ಸೇರಿಸಿ ಮುಚ್ಚಿಬಿಡಬಹುದು ಎಂಬ ಆರೋಪ ದೇಶದ ಹಲವು ವಿದ್ಯುತ್ ನಿಯಂತ್ರಣ ಆಯೋಗಗಳ ಮುಂದೆ ಹಳೆಯದು. ನಿಜವಾಗಿ ಉಳಿತಾಯವಾಗುವುದು ಹಣಕಾಸು ಇಲಾಖೆಗೆ. ಅದಕ್ಕೆ ಪಂಪು ಕೊಳ್ಳುವ ಅಭ್ಯಾಸವಿಲ್ಲ, ಸಹಾಯಧನ ಕೊಡುವ ಅಭ್ಯಾಸವಿದೆ.

ಇನ್ನೊಂದು ಮಾತಿದೆ, ಅದನ್ನು ದಕ್ಷತೆಯ ಉತ್ಸಾಹಿಗಳು ಹೇಳಲು ಹಿಂಜರಿಯುತ್ತಾರೆ. ಕರೆಂಟು ದಿನಕ್ಕೆ ಏಳು ಗಂಟೆಯೆಂದು ಗೊತ್ತಿರುವಾಗ ಒಳ್ಳೆಯ ಪಂಪು ಆ ಏಳು ಗಂಟೆಯಲ್ಲಿ ಹೆಚ್ಚು ನೀರು ಎಳೆಯುತ್ತದೆ. ಅಂತರ್ಜಲ ಇನ್ನಷ್ಟು ಇಳಿದರೆ ಮರುವರ್ಷ ಅದೇ ನೀರಿಗೆ ಹೆಚ್ಚು ಕರೆಂಟು ಬೇಕು. ಹುಡ್ ರಿವರ್‌ನಲ್ಲಿ ಆದದ್ದೇ ಇಲ್ಲಿ ಬೇರೆ ರೂಪದಲ್ಲಿ. ಹಾಗಾಗಿ ಹನಿ ನೀರಾವರಿ, ಬೆಳೆಯ ಆಯ್ಕೆ, ಕೆರೆಯ ಹೂಳು ಎಲ್ಲವೂ ಕಡೆಗೆ ವಿದ್ಯುತ್ ಇಲಾಖೆಯ ವಿಷಯವೇ, ಇಲಾಖೆ ಒಪ್ಪಲಿ ಬಿಡಲಿ. ನೀರಿನ ಮಟ್ಟ ಮೇಲೆ ಬಂದರೆ ಆಗುವ ಉಳಿತಾಯ ಯಾವ ಸ್ಟಾರ್ ರೇಟಿಂಗಿನ ಲೆಕ್ಕಕ್ಕೂ ಸಿಗುವುದಿಲ್ಲ.

*

ಮನೆಗಳಲ್ಲಿ ಮುಂದಿನ ದೊಡ್ಡ ಗಣಿ ತಲೆಯ ಮೇಲೆ ತಿರುಗುತ್ತಿದೆ. ಹಳೆಯ ಸೀಲಿಂಗ್ ಫ್ಯಾನು 75 ವಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಮೋಟರಿನ ಹೊಸದು ಅಷ್ಟೇ ಗಾಳಿಗೆ ಸುಮಾರು 30. ಒಂದು ಕೋಟಿ ಫ್ಯಾನು ಬದಲಾದರೆ 450 ಮೆಗಾವಾಟ್. 2023ರ ಜನವರಿಯಿಂದ ಫ್ಯಾನಿಗೂ ಸ್ಟಾರ್ ಗುರುತು ಕಡ್ಡಾಯವಾಗಿದೆ. ದಿನಕ್ಕೆ ಹನ್ನೆರಡು ಗಂಟೆಯಂತೆ ವರ್ಷಕ್ಕೆ 250 ದಿನ ಓಡಿದರೆ ಒಂದು ಫ್ಯಾನಿನಿಂದ 135 ಯೂನಿಟ್ ಉಳಿಯುತ್ತದೆ. ಬಿಲ್ಲು ಕಟ್ಟುವ ಮನೆಯಾದರೆ ಹೊಸ ಫ್ಯಾನಿಗೆ ಕೊಟ್ಟ ಹೆಚ್ಚಿನ ಹಣ ಎರಡು ಬೇಸಿಗೆ ಕಳೆಯುವುದರೊಳಗೆ ವಾಪಸಾದೀತು. ಆದರೆ 2023ರ ಆಗಸ್ಟಿನಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಡಿ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿಗಿಂತ ಸ್ವಲ್ಪ ಹೆಚ್ಚಿನವರೆಗೆ, ಕರೆಂಟು ಉಚಿತ. ಬಡ ಮನೆಯ ಖರ್ಚು ಇಳಿಸುವ ಮಟ್ಟಿಗೆ ಅದರ ಬಗ್ಗೆ ಜಗಳವಿಲ್ಲ. ಶೂನ್ಯ ಬಿಲ್ಲಿನ ಮನೆ ಮಾತ್ರ ಇನ್ನು ಫ್ಯಾನು ಬದಲಿಸುವುದಿಲ್ಲ. ಹಾಗಿರುವಾಗ, ಪ್ರತಿ ವರ್ಷ ಆ ಮನೆಯ ಯೂನಿಟ್ಟಿಗೆ ದುಡ್ಡು ಕೊಡುವ ಸರ್ಕಾರವೇ ಒಮ್ಮೆ ಫ್ಯಾನು ಕೊಡಿಸುವುದು ಅಗ್ಗವಾದೀತೇ ಎಂದು ಕೂಡಿ ಕಳೆದು ನೋಡಬೇಕಾದ್ದು ಸಹಜ. ಎಲ್‌ಇಡಿಯ ಟೆಂಡರು ಬೆಲೆಯನ್ನು ಎಲ್ಲಿಗೆ ಇಳಿಸಿತು ಎಂಬುದು ಕಣ್ಣಮುಂದಿದೆ.

ಫ್ಯಾನು, ದೀಪಗಳಿಗೆ ಇನ್ನೊಂದು ಬೆಲೆ ಈಚೆಗೆ ಬಂದಿದೆ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಮತ್ತು ಅಂಥ ಅನೇಕ ಕಡೆಗಳಿಂದ ಹಗಲು ಕರೆಂಟು ಧಾರಾಳ. ಆದ್ದರಿಂದಲೇ ಪಂಪುಗಳಿಗೆ ಹಗಲಿನಲ್ಲಿ ತ್ರೀ ಫೇಸ್ ಕೊಡುವುದು ಸಾಧ್ಯವಾಗುತ್ತಿದೆ. ಕೊರತೆ ಕಾಡುವುದು ಬಿಸಿಲು ಬರುವ ಮುಂಚಿನ, ಬಿಸಿಲು ಹೋದ ನಂತರದ ಗಂಟೆಗಳಲ್ಲಿ. 2024ರಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17 ಸಾವಿರ ಮೆಗಾವಾಟ್ ದಾಟಿತು. ಆ ಗಂಟೆಗಳಿಗೆಂದೇ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಸಿದ್ಧವಾಗಿದೆ: ಗೇರುಸೊಪ್ಪದ ನೀರನ್ನು ತಲಕಳಲೆಗೆ ಎತ್ತಿ, ಬೇಕಾದಾಗ ಇಳಿಸುವುದು. ಸುರಂಗಗಳು ಹಾದುಹೋಗುವುದು ಸಿಂಗಳೀಕಗಳ ಅಭಯಾರಣ್ಯದ ಅಡಿಯಲ್ಲಿ, ಹಾಗಾಗಿ ಮಲೆನಾಡಿನಲ್ಲಿ ದೊಡ್ಡ ವಿರೋಧವಿದೆ. ದಕ್ಷ ಫ್ಯಾನು, ದೀಪ, ಸೋಲಾರ್ ಹೀಟರುಗಳಿಂದ ಆ ಎರಡು ಸಾವಿರವನ್ನೂ ಪೂರ್ತಿ ತುಂಬಿಸಬಹುದು ಎಂದರೆ ಅತಿಶಯೋಕ್ತಿ. ಬ್ಯಾಟರಿ, ಸಂಗ್ರಹಾಗಾರ ಒಂದಷ್ಟು ಬೇಕೇ ಬೇಕು. ಆದರೆ ಅದೇ ಸಂಜೆಯ ಗಂಟೆಗೆ, ಅದೇ ಮೆಗಾವಾಟಿಗೆ, ಎರಡೂ ದಾರಿಯ ಖರ್ಚನ್ನು ಒಂದೇ ಕಾಗದದಲ್ಲಿ ಬರೆದು ಕಣಿವೆಯ ಜನರ ಮುಂದೆ ಇಟ್ಟವರಿಲ್ಲ. ಬೇಡ್ತಿಯ ಕಾಲದಲ್ಲಿ ಶಿರಸಿಯವರು ಕೇಳಿದ್ದು ಹೆಚ್ಚುಕಡಿಮೆ ಅಂಥದೇ ಕಾಗದವನ್ನು.

ಹಾಗೆ ಬರೆಯಲು ಈಗ ಒಂದು ಸ್ಥಳವಾದರೂ ಸಿಕ್ಕಿದೆ. 2023ರ ಜೂನಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಪ್ರತಿ ವಿತರಣಾ ಕಂಪನಿಯೂ ಮುಂದಿನ ಹತ್ತು ವರ್ಷದ ಬೇಡಿಕೆ ಎಷ್ಟು, ಅದನ್ನು ಯಾವ ಮೂಲದಿಂದ ಪೂರೈಸುತ್ತದೆ ಎಂಬ ಯೋಜನೆಯನ್ನು ವರ್ಷ ವರ್ಷ ಹೊಸದಾಗಿ ಮಾಡಿ ಆಯೋಗದ ಒಪ್ಪಿಗೆ ಪಡೆಯಬೇಕು. 1987ರ ಸಮಿತಿ ಒಮ್ಮೆ ಮಾಡಿದ ಕೆಲಸ ಇನ್ನು ವರ್ಷಾವಧಿ ಕೆಲಸ. ಆಯೋಗದ ಮುಂದೆ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸುವ ಪದ್ಧತಿ ಕರ್ನಾಟಕದಲ್ಲಿ ಎರಡು ದಶಕದಿಂದ ಇದೆ. ದರ ಏರಿಕೆಯ ವಿಚಾರಣೆಗೆ ಕೈಗಾರಿಕಾ ಸಂಘಗಳು, ರೈತ ಸಂಘಗಳು ತಪ್ಪದೆ ಬರುತ್ತವೆ. ಕಲ್ಲಿದ್ದಲು, ಜಲ, ಗಾಳಿ, ಬಿಸಿಲು, ಬ್ಯಾಟರಿಗಳ ಸಾಲುಗಳ ಕೆಳಗೆ ಮೂವತ್ತು ಲಕ್ಷ ಪಂಪುಗಳಿಗೂ ಕೋಟಿಗಟ್ಟಲೆ ಫ್ಯಾನುಗಳಿಗೂ ಒಂದು ಸಾಲು, ಅದರ ಎದುರು ಮೆಗಾವಾಟ್ ಮತ್ತು ರೂಪಾಯಿ ನಮೂದಾಗಿದೆಯೇ ಎಂದು ಅದೇ ವಿಚಾರಣೆಯಲ್ಲಿ ಅವರು ಎದ್ದುನಿಂತು ಕೇಳಬಹುದು.